ಎರಡು ಹೀಟರ್‌ಗೆ ಒಂದೇ ಥರ್ಮೋಸ್ಟಾಟ್ ಸಾಕು ಅಂದವನನ್ನು ನಂಬಬೇಡಿ

ಮೂರು ದಿನವಾಯಿತು, ಸಿಟ್ಟು ಇಳಿದಿಲ್ಲ. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

ಹಾಲ್‌ನಲ್ಲಿ 240 ವೋಲ್ಟಿನ ಎರಡು ಹೀಟರ್, ಒಂದೊಂದು 2000 ವಾಟ್. ಎರಡಕ್ಕೂ ಬೇರೆ ಬೇರೆ ಥರ್ಮೋಸ್ಟಾಟ್, ಅಂದರೆ ಬಿಸಿ ಎಷ್ಟು ಬೇಕೋ ಅಷ್ಟಕ್ಕೆ ಹೀಟರನ್ನು ಆನ್-ಆಫ್ ಮಾಡುವ ಗೋಡೆಯ ಡಯಲ್, ಹಾಕಿಸೋಣ ಅಂತಲೇ ಎಲೆಕ್ಟ್ರಿಷಿಯನ್‌ನನ್ನು ಕರೆದದ್ದು. ಬಂದವನು ಗೋಡೆ ನೋಡಿ, "ಸುಮ್ನೆ ಯಾಕೆ ಎರಡು? ಒಂದರಲ್ಲೇ ಎರಡೂ ಓಡುತ್ತೆ, ದುಡ್ಡು ಉಳಿಯುತ್ತೆ" ಅಂದ. ದುಡ್ಡು ಉಳಿಯುತ್ತೆ ಅಂದರೆ ಯಾರಿಗೆ ಬೇಡ? ತಲೆಯಾಡಿಸಿದೆ. ಹೋಗುವಾಗ ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟು ಕಳಿಸಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ವಾರಕ್ಕೆ ಸುಟ್ಟ ವಾಸನೆ. ಹೊಸ ಹೀಟರ್ ಅಲ್ವಾ, ಧೂಳು ಸುಡುತ್ತಿರಬೇಕು ಅಂದುಕೊಂಡೆ. ಇನ್ನೆರಡು ದಿನಕ್ಕೆ ಥರ್ಮೋಸ್ಟಾಟ್ ಮುಟ್ಟಿದರೆ ಕೈ ಚುರ್ ಅಂತು. ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಆಫ್ ಮಾಡಿ ಕವರ್ ಬಿಚ್ಚಿದರೆ ಟರ್ಮಿನಲ್ ಕಪ್ಪಗಾಗಿದೆ, ವೈರಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿದೆ, ಆ ಮಸಿಯ ಮಧ್ಯೆ ಅಣಕಿಸುವ ಹಾಗೆ ಅಚ್ಚಾಗಿದೆ: ಗರಿಷ್ಠ 10 ಆಂಪ್. 4000 ವಾಟನ್ನು 240ರಿಂದ ಭಾಗಿಸಿದರೆ ಹತ್ತಿರ ಹತ್ತಿರ 16.7 ಆಂಪ್. ಶಾಲೆಯ ಮಕ್ಕಳ ಲೆಕ್ಕ. ಅವನೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಫೋನ್ ಮಾಡಿದೆ.

"ಬ್ರೇಕರ್ ಟ್ರಿಪ್ ಆಯ್ತಾ ಸಾರ್?"

ಇಲ್ಲ ಅಂದೆ.

"ಹಾಗಾದ್ರೆ ಲೋಡ್ ಸರಿಯಾಗೇ ಇದೆ. ನೀವು ತಂದ ಪೀಸೇ ಡೂಪ್ಲಿಕೇಟ್."

ಬ್ರೇಕರ್ 20 ಆಂಪಿನದು ಮಾರಾಯಾ, 16.7ಕ್ಕೆ ಅದು ಯಾಕೆ ಬೀಳುತ್ತೆ? ಅದು ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ ಇರುವುದು, ಥರ್ಮೋಸ್ಟಾಟನ್ನಲ್ಲ. ಹೀಗಂದರೆ ಬಂದ ಉತ್ತರ: "ಒಂದು ಸಾಕು ಅಂತ ನೀವೇ ಅಂದ್ರಲ್ಲ!" ನಾನು ಅಂದೆನಂತೆ! ನಾನು! ಆಮೇಲೆ ಫೋನ್ ಸ್ವಿಚ್ ಆಫ್.

ಬೇರೆಯವನನ್ನು ಕರೆಸಿದೆ. ಅವನು ನೋಡಿ ಇನ್ನೊಂದು ವಿಷಯ ಹೇಳಿದ. ಈ ಥರ್ಮೋಸ್ಟಾಟ್ ಸಿಂಗಲ್ ಪೋಲ್, ಒಂದೇ ವೈರ್ ಕಟ್ ಮಾಡುವಂಥದ್ದು. ನಮ್ಮ ಲೈನಿನಲ್ಲಿ ಎರಡೂ ವೈರ್ ಲೈವ್, ಡಯಲನ್ನು ಪೂರ್ತಿ ಕೆಳಗೆ ತಿರುಗಿಸಿದರೂ ಕಟ್ ಆಗುವುದು ಒಂದೇ. ನಾನೋ, ಡಯಲ್ ಇಳಿಸಿ, ಆಫ್ ಆಯಿತು ಅಂತ ಒದ್ದೆ ಬಟ್ಟೆ ಹಿಡಿದು ಹೀಟರ್ ಒರೆಸುತ್ತಿದ್ದೆ. ಕೇಳಿ ಕಾಲು ನಡುಗಿತು.

ಹಾಕಿಸುವ ಮುಂಚೆ ಎಲ್ಲ ಹೀಟರಿನ ವಾಟ್ ಕೂಡಿಸಿ, ವೋಲ್ಟಿನಿಂದ ಭಾಗಿಸಿ, ಥರ್ಮೋಸ್ಟಾಟಿನ ಮೇಲೆ ಬರೆದ ಆಂಪ್ ಅದಕ್ಕಿಂತ ಜಾಸ್ತಿ ಇದೆಯಾ ನೋಡಿ. ಎರಡೂ ವೈರ್ ಕಟ್ ಮಾಡುವ ಡಬಲ್ ಪೋಲ್‌ದೇ ಕೇಳಿ. ಏನೇ ಒರೆಸುವುದಿದ್ದರೂ ಬ್ರೇಕರ್ ಆಫ್ ಮಾಡಿ. "ದುಡ್ಡು ಉಳಿಯುತ್ತೆ" ಅಂದವನನ್ನು ಬಾಗಿಲಿಂದಲೇ ಕಳಿಸಿ.

ಸದ್ಯಕ್ಕೆ ಎರಡೂ ಹೀಟರ್ ತಣ್ಣಗೆ ಕೂತಿವೆ. ಅವನ ಫೋನ್ ಇನ್ನೂ ಸ್ವಿಚ್ ಆಫ್.