"ಸರ್ಕಾರದ ಹೊಸ ರೂಲ್ಸ್" ಅಂತ ಹೇಳಿ ನಮ್ಮ ಮಕ್ಕಳ ಹೆಸರಲ್ಲಿ ದುಡ್ಡು ಕಿತ್ತರು: ಕೊಡಗಿನ ಪೋಷಕರೇ ಎಚ್ಚರ

ಓದು ಬರಹದಲ್ಲಿ ಹಿಂದಿರುವ, ಮಾತು ತಡವಾದ, ಆಟಿಸಂ ಇರುವ, ಒಟ್ಟಿನಲ್ಲಿ ಶಾಲೆಯಲ್ಲಿ ಸ್ವಲ್ಪ ಜಾಸ್ತಿ ಸಹಾಯ ಬೇಕಾದ ಮಕ್ಕಳಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಇದೆ, ಆದರೂ ಓದಿ. ಶಾಲೆಯಲ್ಲಿ ಮೀಟಿಂಗ್ ಕರೆದು, "ಸರ್ಕಾರದಿಂದ ಹೊಸ ರೂಲ್ಸ್ ಬಂದಿದೆ, ನಮ್ಮ ಸೆಂಟರ್‌ನಲ್ಲಿ ಅಸೆಸ್‌ಮೆಂಟ್ ಮಾಡಿಸಿ ಕಾರ್ಡ್ ತಗೊಳ್ಳದಿದ್ರೆ ಜೂನ್‌ನಿಂದ ನಿಮ್ಮ ಮಗುವನ್ನ ಮಾಮೂಲಿ ಶಾಲೆಯಲ್ಲಿ ಇಟ್ಕೊಳ್ಳೋಕೆ ಆಗಲ್ಲ" ಅಂತ ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಥ ರೂಲ್ಸ್ ಇಲ್ಲ. ನನ್ನಿಂದ 14,500 ರೂಪಾಯಿ ಹೋಗಿದೆ. ನಮ್ಮ ಜೊತೆ ಆ ದಿನ ಕುಳಿತಿದ್ದ ಬೇರೆಯವರಿಂದಲೂ ಹೋಗಿದೆ. ದೂರು ಕೊಟ್ಟಿರುವುದರಿಂದ ಶಾಲೆಯ ಹೆಸರು, ಸೆಂಟರ್ ಹೆಸರು ಇಲ್ಲಿ ಹಾಕುತ್ತಿಲ್ಲ. ದಕ್ಷಿಣ ಕೊಡಗಿನದ್ದು ಅಂತ ಮಾತ್ರ ಹೇಳುತ್ತೇನೆ.

ನನ್ನ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸ್. ಬಾಯಲ್ಲಿ ಪಾಠ ಕೇಳಿದರೆ ಎಲ್ಲ ಹೇಳುತ್ತಾನೆ. ಕಾವೇರಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಮುದ್ರ ಸೇರುತ್ತದೆ, ನಡುವೆ ಯಾವ ಯಾವ ನದಿ ಬಂದು ಸೇರುತ್ತದೆ ಎಲ್ಲ ಗೊತ್ತು. ಬರೆಯಲು ಕೂರಿಸಿದರೆ ಮಾತ್ರ "ಗದ್ದೆ" ಹೋಗಿ "ದಗೆ" ಆಗುತ್ತದೆ, ಒತ್ತಕ್ಷರ ಬಿಟ್ಟೇ ಹೋಗುತ್ತದೆ, ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ಕಲಿಕಾ ನ್ಯೂನತೆ ಇರಬಹುದು, ತೋರಿಸಿ ಅಂತ ಮಕ್ಕಳ ಡಾಕ್ಟರ್ ಹೇಳಿದ್ದರು. ಮಡಿಕೇರಿಗೆ ಕರೆದುಕೊಂಡು ಹೋಗಬೇಕು ಅಂತ ಯೋಚನೆ ಮಾಡುತ್ತಿರುವಾಗಲೇ ಶಾಲೆಯಿಂದ ಫೋನ್ ಬಂತು.

ಹುತ್ತರಿ ಕಳೆದು ಕಾಫಿ ಕೊಯ್ಲು ಶುರುವಾಗಿತ್ತು. ಊರಲ್ಲಿ ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುವ ಸಮಯ ಅದು, ಅವರಿಗೂ ಅದು ಗೊತ್ತಿತ್ತು ಅಂತ ನನಗೀಗ ಅನ್ನಿಸುತ್ತದೆ. "ಪೋಷಕರ ಜಾಗೃತಿ ಸಭೆ" ಅಂತ ಕರೆದಿದ್ದರು. ಹೋದರೆ ಎಲ್ಲ ಪೋಷಕರಲ್ಲ, ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳ ಪೋಷಕರು ಮಾತ್ರ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರಿಗೂ ಪ್ರಶ್ನೆ ಕೇಳುವ ಧೈರ್ಯ ಇರಲಿಲ್ಲ. ನಮ್ಮ ಮಕ್ಕಳ ವಿಷಯ ಬಂದರೆ ನಾವು ತಲೆ ತಗ್ಗಿಸಿ ಕೂರುತ್ತೇವೆ ಅಲ್ವಾ, ಅದೇ ಅವರ ಬಂಡವಾಳ.

ಮಕ್ಕಳ ಅಸೆಸ್‌ಮೆಂಟ್ ಮಾಡುವ ಸೆಂಟರ್‌ನವರು ಅಂತ ಒಬ್ಬರು ಸರ್, ಒಬ್ಬರು ಮೇಡಂ ಬಂದಿದ್ದರು. ಗೋಡೆ ಮೇಲೆ ಸ್ಲೈಡ್ ಹಾಕಿ ಮೂರು ವಿಷಯ ಹೇಳಿದರು. ರಾಜ್ಯ ಶಿಕ್ಷಣ ನೀತಿ ಬಂದಿದೆ, ಎಲ್ಲ ಬದಲಾಗುತ್ತದೆ. ಹತ್ತು ವಿಶೇಷ ಮಕ್ಕಳಿಗೆ ಒಬ್ಬ ಟೀಚರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಪೋಷಕರು ತಿಂಗಳಿಗೆ 3,000 ಕೊಟ್ಟು ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಮಗುವಿನ ಜೊತೆಗಿದ್ದು ಸಹಾಯ ಮಾಡುವ ಟೀಚರ್, ಇಟ್ಟುಕೊಳ್ಳಬೇಕು. ಅಂಗವೈಕಲ್ಯದ ಕಾರ್ಡ್‌ಗಳಿಗೆ ಹೊಸ ಕಲರ್ ಬಂದಿದೆ, ಅದಿಲ್ಲದಿದ್ದರೆ ಮುಂದೆ ಎಸ್‌ಎಸ್‌ಎಲ್‌ಸಿ ಬರೆಯುವುದು ಕಷ್ಟ. ಕೈಯಲ್ಲಿ ಒಂದು ಸುತ್ತೋಲೆ ಹಿಡಿದು ಬೀಸಿದರು. ಹೆಡ್ ಮೇಡಂ ಪಕ್ಕದಲ್ಲೇ ನಿಂತು ತಲೆ ಆಡಿಸುತ್ತಿದ್ದರು. ಹೆಡ್ ಮೇಡಂ ತಲೆ ಆಡಿಸಿದ ಮೇಲೆ ನಾವು ಯಾರನ್ನ ಕೇಳಬೇಕು ಹೇಳಿ?

ಈ ಮೂರೂ ಪೂರ್ತಿ ಸುಳ್ಳಲ್ಲ, ಅದೇ ಮೋಸ. ಆಮೇಲೆ ನಾನು ಒಂದೊಂದನ್ನೂ ತಿಳಿದವರ ಹತ್ತಿರ ಕೇಳಿ ನೋಡಿಕೊಂಡೆ. ರಾಜ್ಯ ಶಿಕ್ಷಣ ನೀತಿ ಆಯೋಗ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದ್ದು ನಿಜ. ಆದರೆ ವರದಿ ಅಂದರೆ ಶಿಫಾರಸು. ಶಿಫಾರಸು ತೋರಿಸಿ ನಮ್ಮಿಂದ ದುಡ್ಡು ಕೇಳೋಕೆ ಬರುವುದಿಲ್ಲ. ಸುಪ್ರೀಂ ಕೋರ್ಟ್ ವಿಷಯವೂ ನಿಜ. ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಪ್ರೌಢಶಾಲೆಯಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ 2021ರಲ್ಲಿ ಹೇಳಿತ್ತು, 2025ರ ಮಾರ್ಚ್‌ನಲ್ಲಿ ಹುದ್ದೆ ಗುರುತಿಸಿ ತುಂಬಿ ಅಂತ ಮತ್ತೆ ರಾಜ್ಯಗಳಿಗೆ ಆದೇಶ ಕೊಟ್ಟಿತು. ರಾಜ್ಯಗಳಿಗೆ! ನಮಗಲ್ಲ! ಸರ್ಕಾರ ಮಾಡಬೇಕಾದ ಕೆಲಸದ ಬಿಲ್ಲನ್ನು ತಂದು ನಮ್ಮ ಮುಂದೆ ಇಟ್ಟರು. ಕಾರ್ಡ್ ಕಲರ್ ವಿಷಯ ಮುಂದೆ ಹೇಳುತ್ತೇನೆ.

ಒಟ್ಟು 14,500. ಅಸೆಸ್‌ಮೆಂಟಿಗೆ 8,500, ಕಾರ್ಡಿಗೆ 3,000, ಶ್ಯಾಡೋ ಟೀಚರ್ ಅಡ್ವಾನ್ಸ್ 3,000. ಅಸೆಸ್‌ಮೆಂಟ್ ಅಂದರೆ ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಚಿತ್ರ ತೋರಿಸಿ, ಬಣ್ಣ ಕೇಳಿ, ಒಂದು ಪ್ಯಾರಾ ಓದಿಸಿ ಕಳಿಸಿದ್ದು, ಅಷ್ಟೇ. ಬಿಸಿ ಟೀ ಆರುವಷ್ಟು ಹೊತ್ತೂ ಆಗಲಿಲ್ಲ. ಆಮೇಲೆ ಶಾಲೆಯಲ್ಲೇ ಕಾರ್ಡ್ ಕೊಟ್ಟರು. ನೀಲಿ ಬಣ್ಣ, ಲ್ಯಾಮಿನೇಷನ್, ಮಗನ ಫೋಟೋ, ಮೇಲೆ ಸರ್ಕಾರದ ಮುದ್ರೆ ಥರ ಕಾಣುವ ದುಂಡಗಿನ ಚಿತ್ರ, ಕೆಳಗೆ "ಅಂಗವೈಕಲ್ಯ ಶೇ. 60".

ಈಗ ಮಡಿಕೇರಿ ವಿಷಯ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಆ ಕಾರ್ಡ್ ಹಿಡಿದುಕೊಂಡು ಸ್ಕಾಲರ್‌ಶಿಪ್ ಕೇಳೋಣ ಅಂತ ಹೋದರೆ, ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಯುಡಿಐಡಿ, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯ ಗುರುತಿನ ಚೀಟಿ, ಇದೆಯಾ ಕೇಳಿ ಅಂದರು. ಹೋದೆವು. ತಿರುವುಗಳಲ್ಲಿ ಮಗನಿಗೆ ವಾಂತಿ, ಬಸ್ಸಿಳಿಯುವಷ್ಟರಲ್ಲಿ ಸುಸ್ತಾಗಿದ್ದ. ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗ ನಾನು ಕಾರ್ಡ್ ಮುಂದಿಟ್ಟೆ. ಅಲ್ಲಿದ್ದ ಡಾಕ್ಟರ್ ಕಾರ್ಡ್ ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು. "ಇದನ್ನ ಯಾರು ಕೊಟ್ಟಿದ್ದಮ್ಮ?" ಅಂದರು. ನಾನು ಹೇಳಿದೆ. "60 ಪರ್ಸೆಂಟ್ ಅಂತ ಬರೆದು ನೀಲಿ ಕಾರ್ಡ್ ಮಾಡಿದ್ದಾರಲ್ಲ, ನೀಲಿ ಅಂದ್ರೆ 80 ಮೇಲೆ. 40ರಿಂದ 80ರ ಒಳಗಿದ್ರೆ ಹಳದಿ, 40ಕ್ಕಿಂತ ಕಡಿಮೆ ಇದ್ರೆ ಬಿಳಿ. ಯುಡಿಐಡಿ ನಂಬರ್‌ನಲ್ಲಿ 18 ಅಕ್ಷರ ಅಂಕಿ ಇರ್ತದೆ. ಇದರಲ್ಲಿ ಏಳೇ ಇದೆ ನೋಡಿ" ಅಂತ ಬೆರಳಿಟ್ಟು ಎಣಿಸಿ ತೋರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಎಷ್ಟು ಕೊಟ್ರಿ?"

ನನಗೆ ಬಾಯಿ ಬರಲಿಲ್ಲ. ಹಿಂದೆ ಸಾಲಿನಲ್ಲಿ ಜನ ಇದ್ದರು, ಎಲ್ಲರಿಗೂ ಕೇಳಿಸುತ್ತಿತ್ತು. ಮಗ ನನ್ನ ಸೆರಗು ಹಿಡಿದು "ಅಮ್ಮ, ನನ್ ಕಾರ್ಡ್ ಸರಿ ಇಲ್ವಾ?" ಅಂತ ಕೇಳಿದ. ಎಷ್ಟು ದುಡ್ಡು ಹೋದರೂ ಪರವಾಗಿಲ್ಲ, ಆ ಮಾತು ಅವನ ಬಾಯಿಂದ ಬರಬಾರದಿತ್ತು.

ಡಾಕ್ಟರ್ ಇನ್ನೊಂದು ವಿಷಯ ಹೇಳಿದರು, ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಇಂಥ ಕಾರ್ಡ್ ತೋರಿಸಿ ಸರ್ಕಾರದ ಸವಲತ್ತು ತಗೊಳ್ಳೋಕೆ ಹೋದರೆ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ಳುವುದು ನಾವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸುಳ್ಳು ಹೇಳಿ ಸವಲತ್ತು ಪಡೆದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಾರ್ಡ್ ಮಾಡಿಕೊಟ್ಟವರು ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ.

ಸೆಂಟರ್‌ಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ.

"ಮೇಡಂ, ನಾವು ಇದು ಸರ್ಕಾರಿ ಕಾರ್ಡ್ ಅಂತ ಎಲ್ಲಿ ಹೇಳಿದ್ವಿ? ಇದು ಪ್ರೀ ಕಾರ್ಡ್."

ಪ್ರೀ ಕಾರ್ಡ್ ಅಂದ್ರೆ ಏನು ಸರ್?

"ಸರ್ಕಾರಿ ಕಾರ್ಡಿಗೆ ಮುಂಚೆ ಮಾಡಿಸೋದು."

ಹಾಗಾದ್ರೆ ದುಡ್ಡು ವಾಪಸ್ ಕೊಡಿ.

"ಸರ್ವಿಸ್ ಕೊಟ್ಟಾಗಿದೆ ಮೇಡಂ, ಸರ್ವಿಸಿಗೆ ರೀಫಂಡ್ ಇರಲ್ಲ. ನೀವು ಸೈನ್ ಮಾಡಿದ ಫಾರ್ಮ್‌ನಲ್ಲೇ ಇದೆ ನೋಡಿ. ನಿಮ್ಮ ಮಗನ ಒಳ್ಳೇದಕ್ಕೇ ಮಾಡಿದ್ದು."

ಒಳ್ಳೇದಕ್ಕೇ ಮಾಡಿದ್ದಂತೆ! ಸುತ್ತೋಲೆ ಕಳಿಸಿ ಅಂದರೆ ವಾಟ್ಸಾಪ್‌ನಲ್ಲಿ ಮೊದಲ ಪುಟದ ಫೋಟೋ ಮಾತ್ರ ಬಂತು. ಅಸೆಸ್‌ಮೆಂಟ್ ಮಾಡಿದ ಮೇಡಂ ಅವರ ಆರ್‌ಸಿಐ ನೋಂದಣಿ ನಂಬರ್ ಕೇಳಿದೆ. "ಪ್ರೋಸೆಸ್‌ನಲ್ಲಿದೆ" ಅಂದರು. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಅಲ್ಲಿ ಹೆಸರು ನೋಂದಾಯಿಸದವರು ವಿಶೇಷ ಶಿಕ್ಷಕರು ಅಂತ ಕೆಲಸ ಮಾಡುವ ಹಾಗೇ ಇಲ್ಲ, 1992ರ ಕಾಯ್ದೆಯಿಂದಲೂ ಹಾಗೇ ಇದೆ. ಅದಾದ ಮೇಲೆ ನನ್ನ ಫೋನ್ ತೆಗೆಯುತ್ತಿಲ್ಲ.

ಶಾಲೆಗೆ ಹೋದರೆ ಹೆಡ್ ಮೇಡಂ, "ನಾವು ಹಾಲ್ ಕೊಟ್ಟಿದ್ದು ಅಷ್ಟೇ, ದುಡ್ಡು ಕೊಡಿ ಅಂತ ನಾವು ಹೇಳಿಲ್ಲ" ಅಂದರು. ನಿಮ್ಮ ಆಫೀಸಿನಿಂದಲೇ ಫೋನ್ ಬಂದಿದ್ದಲ್ವಾ ಮೇಡಂ ಅಂದರೆ ಉತ್ತರ ಇಲ್ಲ. ಟಿಸಿ ವಿಷಯ ಹೇಳಿ ಹೆದರಿಸಿದ್ದಲ್ವಾ ಅಂದೆ. "ಯಾರಾದ್ರೂ ತಪ್ಪು ತಿಳ್ಕೊಂಡಿರಬಹುದು." ಆ ಮೀಟಿಂಗಿನಲ್ಲಿ ಕೂತಿದ್ದ ನಾವು ಎಲ್ಲರೂ ಒಟ್ಟಿಗೇ ತಪ್ಪು ತಿಳ್ಕೊಂಡ್ವಾ?

ಸುತ್ತೋಲೆಯ ಅದೇ ಫೋಟೋ ಹಿಡಿದು ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋದೆ. ಅಲ್ಲಿ ಸಮಗ್ರ ಶಿಕ್ಷಣ ಯೋಜನೆಯಿಂದ ಬಿಐಇಆರ್‌ಟಿ ಅಂತ ಇರುತ್ತಾರೆ, ನಮ್ಮಂಥ ಮಕ್ಕಳಿಗೆಂದೇ ಇರುವ ಶಿಕ್ಷಕರು. ನಮ್ಮಲ್ಲಿ ಎಷ್ಟೋ ಜನರಿಗೆ ಇವರು ಇದ್ದಾರೆ ಅಂತಲೇ ಗೊತ್ತಿಲ್ಲ, ನನಗೂ ಯಾರೂ ಹೇಳಿರಲಿಲ್ಲ. ಅವರು ಓದಿ, "ಇದು ನಿಮಗೆ ಬಂದಿದ್ದಲ್ಲ ಮೇಡಂ, ಶಾಲೆಗೆ ಬಂದಿದ್ದು. ವಿಶೇಷ ಅಗತ್ಯದ ಮಕ್ಕಳು ಯಾರ್ಯಾರು ಇದ್ದಾರೆ ಅಂತ ಮಾಹಿತಿ ತುಂಬಿ ಕಳಿಸಿ ಅಂತ ಇದೆ, ದುಡ್ಡಿನ ಮಾತೇ ಇಲ್ಲ" ಅಂದರು. ಶಾಲೆಯವರು ಕೂತು ಮಾಡಬೇಕಾದ ಪಟ್ಟಿ. ಅದನ್ನೇ ನಮ್ಮ ಮುಂದೆ ಬೀಸಿ ಹೆದರಿಸಿದ್ದು.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ನನ್ನ ಪಕ್ಕ ಕೂತಿದ್ದ ತಾಯಿಯದ್ದು. ತೋಟದ ಕೂಲಿಯವರ ಲೈನ್ ಮನೆಯವರು. ಮಗಳು ಒಂದನೇ ಕ್ಲಾಸ್, 6 ವರ್ಷ. ಆ ಮಗುವಿಗೂ ಕಲಿಕಾ ನ್ಯೂನತೆ ಅಂತ ಕಾರ್ಡ್ ಕೊಟ್ಟಿದ್ದಾರೆ. ಕಲಿಕಾ ನ್ಯೂನತೆಗೆ 8 ವರ್ಷ ಆಗದೆ ಪ್ರಮಾಣಪತ್ರ ಕೊಡುವ ಹಾಗಿಲ್ಲ, 14ಕ್ಕೆ, 18ಕ್ಕೆ ಮತ್ತೆ ನೋಡಬೇಕು ಅಂತ 2018ರ ಕೇಂದ್ರದ ಮಾರ್ಗಸೂಚಿಯಲ್ಲೇ ಇತ್ತು. ಒಂದನೇ ಕ್ಲಾಸಿನ ಮಗು ಅಕ್ಷರ ತಪ್ಪಿಸಿ ಬರೆಯದೆ ಇನ್ನೇನು ಮಾಡುತ್ತದೆ? ಬಟವಾಡೆ ದುಡ್ಡು ಸಾಲದೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮುಂಗಡ ತಗೊಂಡು ಆ ತಾಯಿ ಕಟ್ಟಿದ್ದಾರೆ. "ಅಕ್ಕ, ಶಾಲೆಯಿಂದ ತೆಗೀತಾರೆ ಅಂದ್ರು, ನಾನೇನ್ ಮಾಡ್ಲಿ" ಅಂದರು. ಆ ಮುಂಗಡ ಈಗ ವಾರ ವಾರ ಕೂಲಿಯಲ್ಲಿ ಮುರಿಯುತ್ತಿದ್ದಾರೆ.

ತೆಗೆಯೋಕೆ ಬರಲ್ಲ. ಇದನ್ನು ಜೋರಾಗಿ ಹೇಳುತ್ತೇನೆ. ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ ಅಂತ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ಇದೆ. ಸರ್ಕಾರದ ಮಾನ್ಯತೆ ಇರುವ ಶಾಲೆ, ಖಾಸಗಿಯಾದರೂ ಸರಿ, ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಗುರುತಿಸೋದು ಅವರ ಕೆಲಸ, ಅದಕ್ಕೆ ನಮ್ಮ ಹತ್ತಿರ ದುಡ್ಡು!

ಹಾಗಾಗಿ, ಮೀಟಿಂಗಿನಲ್ಲಿ ರೂಲ್ಸ್ ಅಂದರೆ ಸುತ್ತೋಲೆಯ ಎಲ್ಲ ಪುಟ ಕೇಳಿ, ಅಲ್ಲೇ ಫೋಟೋ ಹೊಡೆದುಕೊಳ್ಳಿ. ಕೊಡದಿದ್ದರೆ ಎದ್ದು ಬನ್ನಿ. ಆ ಫೋಟೋವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೋ ಬಿಆರ್‌ಸಿಗೋ ತೋರಿಸಿ. ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕ ಇಲ್ಲ, ಪರ್ಸೆಂಟೇಜ್ ಬರೆಯುವ ಅಧಿಕಾರ ಸರ್ಕಾರ ನೇಮಿಸಿದ ವೈದ್ಯರಿಗೆ ಮಾತ್ರ. ಅರ್ಜಿ ಹಾಕೋಕೆ ಬರದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯಾರು ಅಂತ ಕೇಳಿ, ಅವರು ಇರುವುದೇ ಇದಕ್ಕೆ. ಎಸ್‌ಎಸ್‌ಎಲ್‌ಸಿಗೆ ಹೆಚ್ಚು ಸಮಯ, ಬರೆಯುವವರ ಸಹಾಯ, ಭಾಷೆ ವಿನಾಯಿತಿ ಇವೆಲ್ಲ ಇದೆ, ಆದರೆ ಅದು ಸರಿಯಾದ ಪ್ರಮಾಣಪತ್ರದ ಮೇಲೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಯಾವ ಸೆಂಟರ್‌ನ ಕಾರ್ಡಿನಿಂದಲೂ ಸಿಗಲ್ಲ.

ನಾನು ಬಿಇಒ ಆಫೀಸಿಗೆ ಅರ್ಜಿ ಕೊಟ್ಟಿದ್ದೇನೆ, ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳಿಸಿದ್ದೇನೆ. ಮಗನಿಗೆ ಯುಡಿಐಡಿ ಅರ್ಜಿಯೂ ಹಾಕಿ ಆಗಿದೆ. ಬೇರೆ ಊರುಗಳಲ್ಲೂ ಇದೇ ಜನ ಮೀಟಿಂಗ್ ಮಾಡಿದ್ದಾರೆ ಅಂತ ಕೇಳಿದೆ. ನಿಮ್ಮ ಹತ್ತಿರ ರಸೀದಿ, ಕಾರ್ಡ್, ವಾಟ್ಸಾಪ್ ಮೆಸೇಜ್ ಏನಿದ್ದರೂ ಬಿಸಾಡಬೇಡಿ, ಅವರು ಕಾರ್ಡ್ ವಾಪಸ್ ಕೇಳಿದರೂ ಕೊಡಬೇಡಿ. ನಮ್ಮ ಜೊತೆ ಇದ್ದ ಒಬ್ಬರ ಹತ್ತಿರ "ರೀಫಂಡ್ ಮಾಡ್ತೀವಿ, ಕಾರ್ಡ್ ಕೊಡಿ" ಅಂತ ಇಸ್ಕೊಂಡು ಹೋಗಿದ್ದಾರೆ, ಈಗ ಅವರ ಕೈಯಲ್ಲಿ ಸಾಕ್ಷಿ ಇಲ್ಲ, ದುಡ್ಡೂ ಬಂದಿಲ್ಲ. ಲೈನ್ ಮನೆಯ ಆ ತಾಯಿಯ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಬರೆಯೋಕೆ ಬರದವರು, ಹೆದರಿ ಸುಮ್ನೆ ಕೂತವರು ಯಾರೇ ಇದ್ದರೂ ಮೆಸೇಜ್ ಮಾಡಿ, ನಿಮ್ಮದನ್ನೂ ಬರೆದುಕೊಡುತ್ತೇನೆ.