48 ಮೊಟ್ಟೆಯ ಇನ್‌ಕ್ಯುಬೇಟರಿನಲ್ಲಿ ಟರ್ಕಿ ಮರಿ ಮಾಡಿಸಿದ ಒಂದು ವರ್ಷ

ಅಂಗಡಿಯವರು ‘48 ಮೊಟ್ಟೆಯದು, ತಾನೇ ಹೊರಳಿಸುತ್ತದೆ’ ಎಂದು ಕೊಟ್ಟ, ಮೊಟ್ಟೆಗೆ ಕಾವು ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆ ಇದು. ನಾನು ₹5,200 ಕೊಟ್ಟೆ. ಜವಾರಿ ಕೋಳಿಮೊಟ್ಟೆ ಇಟ್ಟು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಇಟ್ಟಿದ್ದು ಟರ್ಕಿ ಮೊಟ್ಟೆ, ಅದಕ್ಕೇ ಬರೆಯಬೇಕೆನಿಸಿತು.

ಕಮಲಾಪುರದ ನಮ್ಮ ಹಿತ್ತಲಲ್ಲಿ ಟರ್ಕಿ ಹುಂಜ ಒಂದು, ಹೇಂಟೆ ನಾಲ್ಕು. ಹೇಂಟೆಗಳು ತೊಗರಿ ಕಟ್ಟಿಗೆಯ ಒಟ್ಟಿಲಿನೊಳಗೆ ಹೋಗಿ ಮೊಟ್ಟೆಯಿಟ್ಟು ಅಲ್ಲೇ ಕಾವಿಗೆ ಕೂತುಬಿಡುತ್ತವೆ. ಎರಡು ಸಲ ಮುಂಗುಸಿ ಬಂದು ಎಲ್ಲ ಕುಡಿದು ಹೋಯಿತು. ಜವಾರಿ ಹೇಂಟೆಯ ಕೆಳಗೆ ಇಡೋಣವೆಂದರೆ ಐದಾರರ ಮೇಲೆ ಅದರ ರೆಕ್ಕೆಗೆ ನಿಲುಕುವುದಿಲ್ಲ. ಮೇಲಾಗಿ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ನಮ್ಮ ಅಕ್ಕನ ಮಗ ಮೊದಲೇ ಹೇಳಿದ್ದ: “ಚಿಕ್ಕಮ್ಮಾ, ಎರಡನ್ನೂ ಒಂದೇ ಕಡೆ ಬೆಳಸಬ್ಯಾಡ. ಕೋಳಿ ಹೊಟ್ಟ್ಯಾಗಿನ ಹುಳದಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ರೋಗ ಬರ್ತದ, ಗಂಧಕದಂಥ ಹಳದಿ ಹಿಕ್ಕಿ ಹಾಕಿ ಸಾಯ್ತಾವ.” ಹಿಂದಿನ ವರ್ಷ ನನ್ನ ಆರು ಮರಿ ಹೋದದ್ದು ಹೀಗೇ ಎಂದು ಆಗ ತಿಳಿಯಿತು. ಪೆಟ್ಟಿಗೆ ತಂದದ್ದು ಆಮೇಲೆ.

ಮೊದಲ ತೊಂದರೆ ಮೊಟ್ಟೆ ಹೊರಳಿಸುವ ಉರುಳೆಯ ತಟ್ಟೆ. ಅದರ ಸಂದು 50–55 ಗ್ರಾಂನ ಕೋಳಿಮೊಟ್ಟೆಗೆ ಅಳೆದು ಮಾಡಿದ್ದು. ನಮ್ಮ ಟರ್ಕಿ ಮೊಟ್ಟೆ 80 ಗ್ರಾಂ ದಾಟುತ್ತದೆ, ಒಂದು ತುದಿ ಚೂಪು. ಅದು ಸಂದಿನಲ್ಲಿ ಸಿಕ್ಕಿಕೊಂಡು ಹೊರಳುವುದೇ ಇಲ್ಲ. ನಾನು ತಟ್ಟೆ ತೆಗೆದು, ಜಾಲರಿ ಹಾಸಿ, ಪೆನ್ಸಿಲಿನಲ್ಲಿ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಕತ್ತರಿ ಗುರುತು ಬರೆದು ದಿನಕ್ಕೆ ಮೂರು ಸಲ ಕೈಯಿಂದಲೇ ಹೊರಳಿಸುತ್ತೇನೆ. ಹಾಗೆ ಇಟ್ಟರೆ 30 ಮೊಟ್ಟೆ ಹಿಡಿಯುತ್ತವೆ.

ಎರಡನೆಯದು ಜೊತೆಗೆ ಕೊಟ್ಟ ಪುಸ್ತಿಕೆ. ಅದರಲ್ಲಿ ಇರುವುದೆಲ್ಲ ಕೋಳಿಯ 21 ದಿನದ ಲೆಕ್ಕ. ಟರ್ಕಿಗೆ 28 ದಿನ ಬೇಕು. ಫೆಬ್ರವರಿಯಲ್ಲಿ ಪುಸ್ತಿಕೆ ನಂಬಿ 18ನೇ ದಿನಕ್ಕೇ ಹೊರಳಿಸುವುದು ಬಿಟ್ಟೆ, ನೀರಿನ ಕಡೆಗೂ ಗಮನ ಕೊಡಲಿಲ್ಲ. 20 ಮೊಟ್ಟೆಯಲ್ಲಿ ಮೂರು ಬರಡು, ಒಂಬತ್ತು ಮರಿಯಾದವು, ಉಳಿದ ಎಂಟು ಚಿಪ್ಪಿನೊಳಗೇ ಸತ್ತವು. ಒಂದನ್ನು ಒಡೆದು ನೋಡಿದೆ: ಪೂರ್ತಿ ಬೆಳೆದ ಮರಿ, ಮೈಗೆ ಪೊರೆ ಒಣಗಿ ಅಂಟಿತ್ತು. ಅವತ್ತು ಭಾಳ ಸಂಕಟವಾಯಿತು. ಹೊರಳಿಸುವುದನ್ನು ನಿಲ್ಲಿಸಬೇಕಾದದ್ದು 25ನೇ ದಿನಕ್ಕೆ. ಕೊನೆಯ ಮೂರು ದಿನ ಒಳಗಿನ ತೇವ ಶೇ. 70ರ ಮೇಲೆ ಇರಬೇಕು. ನಮ್ಮ ಒಣ ಹವೆಯಲ್ಲಿ ಅದರ ನೀರಿನ ತೊಟ್ಟಿ ಸಾಲದು, ಹಸಿ ಸ್ಪಂಜು ಇಡಲೇಬೇಕು.

ಮೂರನೆಯದು ನಮ್ಮ ಬಿಸಿಲು. ಪೆಟ್ಟಿಗೆಗೆ ಕಾಯಿಸಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಮೇ ತಿಂಗಳಲ್ಲಿ ಪತ್ರಾದ (ತಗಡಿನ ಮಾಡಿನ) ಖೋಲಿಯಲ್ಲಿ ಇಟ್ಟಿದ್ದೆ. 37.5 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಒಳಗಿನ ಶಾಖ ಮಧ್ಯಾಹ್ನ 39 ದಾಟಿತು, 16 ಮೊಟ್ಟೆಯಲ್ಲಿ ಒಂದೂ ಉಳಿಯಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ “ಟರ್ಕಿದು ನಮಗ ಗೊತ್ತಿಲ್ಲ ಅಕ್ಕಾ” ಎಂದರು. ಆದರೆ ಫ್ಯಾನ್ ಕೆಟ್ಟಾಗ ಎಂಟು ದಿನದಲ್ಲಿ ಹೊಸದು ಕಳಿಸಿದರು, ಅದನ್ನೂ ಹೇಳಬೇಕು.

ಜುಲೈಯಲ್ಲಿ ಮಣ್ಣಿನ ಗೋಡೆ, ಶಹಾಬಾದ್ ಕಲ್ಲಿನ ನೆಲದ ಒಳಮನೆಗೆ ಒಯ್ದೆ. ಬೇರೆ ಥರ್ಮಾಮೀಟರ್ ಇಟ್ಟು ತಾಳೆ ನೋಡಿದೆ. ಪೆಟ್ಟಿಗೆಯದು ಅರ್ಧ ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಕರೆಂಟ್ ಹೋದಾಗ ಕೌದಿ ಹೊದಿಸಿದೆ. 18ರಲ್ಲಿ ಎರಡು ಬರಡು, 13 ಮರಿ.

ಟರ್ಕಿ ಮರಿಗೆ ತಿನ್ನುವುದನ್ನೂ ಕಲಿಸಬೇಕು. ಕಾಳು ಮುಂದಿದ್ದರೂ ಉಪವಾಸ ಸಾಯುತ್ತವೆ. ತಟ್ಟೆಯಲ್ಲಿ ಬಣ್ಣದ ಗೋಲಿ ಹಾಕಿದೆ. ಗೋಲಿ ಕುಕ್ಕಲು ಬಂದವು ಪಕ್ಕದಲ್ಲಿದ್ದ ಬೇಯಿಸಿದ ಮೊಟ್ಟೆಯ ಪುಡಿಯನ್ನೂ ಕುಕ್ಕಿದವು. 13ರಲ್ಲಿ 11 ದೊಡ್ಡವಾದವು.

ಮರಿಗೆ ಇಡದ ಮೊಟ್ಟೆ ಅಡಿಗೆಗೆ. ಮೂರು ಕೋಳಿಮೊಟ್ಟೆಯ ಕಡೆ ಎರಡು ಟರ್ಕಿ ಮೊಟ್ಟೆ ಸಾಕು. ಚಿಪ್ಪು ಗಟ್ಟಿ, ಚಮಚದಿಂದ ಹೊಡೆದೇ ಒಡೆಯಬೇಕು. ಹಸಿಮೆಣಸಿನಕಾಯಿ ಹಾಕಿದ ಆಮ್ಲೆಟ್ ಬಿಸಿ ಜೋಳದ ರೊಟ್ಟಿಯೊಳಗೆ ಸುತ್ತಿ ತಿಂದರೆ ಛಲೋ ಹೊಟ್ಟೆ ತುಂಬುತ್ತದೆ. ದಸರೆ ಕಳೆದ ಮೇಲೆ ಹಳೆಯ ಹುಂಜವನ್ನು ಕೊಯ್ಸಿದೆವು: ಜೀವಂತ ಎಂಟೂವರೆ ಕೆ.ಜಿ., ಸ್ವಚ್ಛ ಮಾಡಿದ ಮೇಲೆ ಆರೂವರೆ. ತೊಡೆ ಸಾರಿಗೆ ಚಂದ, ನಿಧಾನ ಬೇಯುತ್ತದೆ. ಎದೆಯಲ್ಲಿ ಕೊಬ್ಬು ಕಡಿಮೆ, ಹುರಿದರೆ ಹತ್ತಿಯಂತೆ ಒಣಗುತ್ತದೆ. ಅದನ್ನು ಮೊಸರಲ್ಲಿ ನೆನೆಸಿ ತಹರಿಗೆ (ಮಸಾಲೆ ಅನ್ನಕ್ಕೆ) ಹಾಕಿದೆ, ಮೆತ್ತಗೆ ಬಂತು.

ಟರ್ಕಿಗೆಂದೇ ಕೊಳ್ಳುವವರು ಹೊರಳಿಸುವ ಯಂತ್ರಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ, ಅದಿಲ್ಲದ ಮಾದರಿಯೇ ಸಾಕು. ಬ್ಯಾಟರಿಗೆ ಜೋಡಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳಿ. ಮೊಟ್ಟೆಯನ್ನು ಶಿವರಾತ್ರಿಗೆ ಮುಂಚೆ ಇಟ್ಟರೆ ಬಿಸಿಲು ಏರುವುದರೊಳಗೆ ಮರಿ ಹೊರಬರುತ್ತವೆ. ಅದು ತಪ್ಪಿದರೆ ಕಾರಹುಣ್ಣಿಮೆ ಕಳೆಯುವ ತನಕ ಪೆಟ್ಟಿಗೆ ಮುಚ್ಚಿಡಿ.