ಕಲ್ಲುಪುಡಿ ಸೇರಿಸಿದ ಟೈಲ್ಸ್ ಹಾಕಿಸಿ ಒಂದು ಮಳೆಗಾಲ ಆಯ್ತು

ಕಳೆದ ಬೇಸಿಗೆಯಲ್ಲಿ ಧಾರವಾಡದ ನಮ್ಮ ಮನೆಯ ಹಳೆ ಪರಸಿ ತೆಗೆಸಿ, ಪಡಸಾಲೆಗೂ ಅಡುಗೆಮನೆಗೂ ಟೈಲ್ಸ್ ಹಾಕಿಸಿದೆವು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ತಗೊಂಡ 2 ಅಡಿಗೆ 2 ಅಡಿಯ ವಿಟ್ರಿಫೈಡ್, ಅಂದರೆ ಗಾಜಿನ ಹಾಗೆ ಗಟ್ಟಿಯಾಗುವಂತೆ ಸುಟ್ಟ ಟೈಲ್ಸ್, ಗುಜರಾತಿನ ಮೊರ್ಬಿ ಮಾಲು. ಮರುಬಳಕೆ ಪುಡಿ ಸೇರಿದೆ ಅಂತ ಬಾಕ್ಸ್ ಮೇಲೇ ಇತ್ತು. ಗ್ರಾನೈಟ್ ಕೊಯ್ದಾಗ ಬರುವ ಪುಡಿ ಅಂತ ಅಂಗಡಿಯವರು ಹೇಳಿದರು. ನಮ್ಮ ಮನೆಯವರಿಗೆ ಮನಸ್ಸಿರಲಿಲ್ಲ. ಕಸ ಹಾಕಿ ಮಾಡಿದ್ದು ಎಷ್ಟು ದಿನ ಬಾಳುತ್ತೆ ಅಂದರು.

ನನಗೆ ಮಾತ್ರ ಅದೇ ಬೇಕಿತ್ತು. ಇಳಕಲ್ಲಿಗೆ ತವರಿಗೆ ಹೋಗುವಾಗೆಲ್ಲ ಕಲ್ಲು ಕೊಯ್ಯುವ ಫ್ಯಾಕ್ಟರಿ ಪಕ್ಕ ಬೂದು ಬಣ್ಣದ ರಾಡಿ ಸುರಿದಿರುವುದನ್ನು ನೋಡುತ್ತೇನೆ. ಒಣಗಿತೆಂದರೆ ಗಾಳಿಗೆ ಎದ್ದು ಬೇವಿನ ಎಲೆ ಮೇಲೆಲ್ಲ ಕೂರುತ್ತೆ. ಆ ಪುಡಿಯಲ್ಲಿ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಇರುತ್ತೆ. ಟೈಲ್ಸ್ ಮಾಡುವವರು ದುಡ್ಡು ಕೊಟ್ಟು ತರಿಸುವ ಕಚ್ಚಾಮಾಲೇ ಅದು. ಸುಮಾರು 1200 ಡಿಗ್ರಿ ಕಾವಿನಲ್ಲಿ ಕರಗಿ, ಜೇಡಿಮಣ್ಣಿನ ಸಂದು ತುಂಬಿ ಗಟ್ಟಿ ಹಿಡಿಯುತ್ತೆ. ಎಲ್ಲ ಪುಡಿಯೂ ಹೀಗಲ್ಲ. ಟೈಲ್ಸ್ ಪಾಲಿಶ್ ಮಾಡುವಾಗ ಬರುವ ಪುಡಿಯಲ್ಲಿ ಸಾಣೆಯ ಸಿಲಿಕಾನ್ ಕಾರ್ಬೈಡ್ ಬೆರೆತಿರುತ್ತೆ, ಅದು ಭಟ್ಟಿಯಲ್ಲಿ ಗ್ಯಾಸ್ ಬಿಟ್ಟು ಗುಳ್ಳೆ ಎಬ್ಬಿಸುತ್ತೆ, ಹಾಗಾಗಿ ಜಾಸ್ತಿ ಹಾಕಿದರೆ ಟೈಲ್ಸ್ ಊದಿಕೊಂಡು ಒಳಗೆಲ್ಲ ಪೊಳ್ಳಾಗುತ್ತೆ.

ಅದಕ್ಕೇ ನಮ್ಮ ಟೈಲ್ಸ್ ಎಷ್ಟು ನೀರು ಹೀರುತ್ತೆ ನಾನೇ ನೋಡಿಬಿಡೋಣ ಅಂತ ಗೌಂಡಿ ಕತ್ತರಿಸಿ ಬಿಟ್ಟ ಒಂದು ತುಂಡನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟೆ. 412 ಗ್ರಾಂ. ಒಂದು ದಿನ ಬಕೆಟ್ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ತೂಗಿದರೆ 413. ಅದೇ ಬಕೆಟ್‌ನಲ್ಲಿದ್ದ ಹಳೆ ಬಚ್ಚಲುಮನೆ ಗೋಡೆಯ ಟೈಲ್ಸ್ ತುಂಡು 250 ಇದ್ದದ್ದು 285 ಆಗಿತ್ತು! ಗೋಡೆ ಟೈಲ್ಸ್ ನೀರು ಕುಡಿಯೋದು ಸಹಜ, ಆದರೆ ವಿಟ್ರಿಫೈಡ್ ಅಂದಮೇಲೆ 100 ಗ್ರಾಂಗೆ ಅರ್ಧ ಗ್ರಾಂಗಿಂತ ಜಾಸ್ತಿ ಹೀರಬಾರದು. ಇದು ಪಾಸಾಯ್ತು. ಗೌಂಡಿ ಮೊದಲ ದಿನವೇ ಹೇಳಿದ್ದ, "ಭಾಳ ಗಟ್ಟಿ ಐತ್ರಿ ಅಕ್ಕಾರ, ಬ್ಲೇಡ್ ಸವದು ಹೋತು."

ಧಾರವಾಡದ ಮಳೆ ಗೊತ್ತಲ್ವಾ. ನಾಲ್ಕು ತಿಂಗಳು ಒದ್ದೆ ಕಾಲಿನ ಓಡಾಟ ಆದರೂ ಎಲ್ಲೂ ಬಿರುಕಿಲ್ಲ, ಎದ್ದಿಲ್ಲ. ಅರಿಶಿನ ಚೆಲ್ಲಿದರೆ ಒರೆಸಿದ ಕೂಡಲೇ ಹೋಗುತ್ತೆ. ಒಮ್ಮೆ ಮಸಾಲೆ ಕುಟ್ಟುವ ಕಲ್ಲು ಕೈಜಾರಿ ಬಿದ್ದು ಒಂದು ಮೂಲೆ ಚಕ್ಕೆ ಎದ್ದಿದೆ, ಅಲ್ಲಿ ಒಳಗಿನ ಕಂದು ಬೂದು ಬಣ್ಣ ಕಾಣುತ್ತೆ. ಕಲ್ಲುಪುಡಿಯಲ್ಲಿ ಕಬ್ಬಿಣದ ಅಂಶ ಇದ್ದರೆ ಸುಟ್ಟಾಗ ಬಣ್ಣ ಹೀಗೆ ಕಪ್ಪಿಡುತ್ತೆ. ಗಟ್ಟಿತನಕ್ಕೆ ತೊಂದರೆಯಿಲ್ಲ, ಆದರೆ ಮೆಟ್ಟಿಲಿಗೆ ಹಾಕಿಸುವವರು ಕತ್ತರಿಸಿದ ಅಂಚು ಕಾಣದ ಹಾಗೆ ಪಟ್ಟಿ ಕೂಡಿಸಿಕೊಳ್ಳಬೇಕು.

ನನಗೆ ಬೇಜಾರಾದ ವಿಷಯ ಬೇರೆ. ಪುಡಿ ಎಷ್ಟು ಪಾಲು ಹಾಕಿದ್ದಾರೆ ಅಂತ ಬಾಕ್ಸ್ ಮೇಲಿಲ್ಲ. ಅಂಗಡಿಯಲ್ಲಿ ಎರಡು ಸಲ ಕೇಳಿದೆ, "ಕಂಪನಿಗೆ ಕೇಳಿ ಹೇಳ್ತೀವ್ರಿ" ಅಂದವರು ಇವತ್ತಿಗೂ ಹೇಳಿಲ್ಲ. ಎರಡು ಬಾಕ್ಸ್ ಬೇರೆ ಲಾಟಿನವು ಬಂದು ಬಣ್ಣ ಸ್ವಲ್ಪ ತಪ್ಪಿತ್ತು. ತಕರಾರಿಲ್ಲದೆ ಬದಲಿಸಿ ಕೊಟ್ಟರು, ಆದರೆ ಗಾಡಿ ಬಾಡಿಗೆ ನಮ್ಮ ಮೇಲೇ ಬಿತ್ತು. ಇಳಿಸಿಕೊಳ್ಳುವಾಗಲೇ ಎಲ್ಲ ಬಾಕ್ಸಿನ ಲಾಟ್ ನಂಬರ್ ನೋಡಿಕೊಳ್ಳಿ.

ಮೇಲಿನ ಕೋಣೆಗೂ ಇದನ್ನೇ ತರುತ್ತೇನೆ. ಪುಡಿಯ ಲೆಕ್ಕ ಬರೆದ ಬಾಕ್ಸ್ ಯಾವುದಾದರೂ ಅಂಗಡಿಯಲ್ಲಿ ಸಿಕ್ಕರೆ, ಎರಡು ರೂಪಾಯಿ ಜಾಸ್ತಿ ಆದರೂ ಮೊದಲು ಅದು.